ನಾನು ಓದದೇ ಬಿಟ್ಟ ಹೆಸರು

ವೇದಿಕೆಯ ನಡುವೆ ಕುಳಿತಿರುವ ಮಾನ್ಯ ಅಧ್ಯಕ್ಷರೇ, ಮುಧೋಳದಿಂದ ಸಮಯಕ್ಕೆ ಸರಿಯಾಗಿ ಬಂದು ನಮಗಾಗಿ ಒಂದು ತಾಸು ಕಾಯ್ದ ಮುಖ್ಯ ಅತಿಥಿಗಳೇ, ಈ ರೇಡಿಯೋ ಕೇಂದ್ರಕ್ಕೆ ಮಹಡಿಯ ಮೇಲೆ ಎರಡು ಕೋಣೆ ಬಿಟ್ಟುಕೊಟ್ಟ ಪ್ರಾಚಾರ್ಯರೇ, ಕೇಂದ್ರದ ಸಂಯೋಜಕಿ ಸರಿತಾ ಅವರೇ, ರೇಡಿಯೋದಲ್ಲಿ ನನ್ನ ಜೊತೆ ಪೇಪರ್ ಓದುವ ಗೆಳೆಯರೇ, ಮಗ್ಗ ನಿಲ್ಲಿಸಿ ಬಂದಿರುವ ರಬಕವಿ-ಬನಹಟ್ಟಿಯ ನೇಕಾರ ಬಂಧುಗಳೇ, ಮುಂದಿನ ಎರಡು ಸಾಲುಗಳಲ್ಲಿ ಕುಳಿತಿರುವ ನಮ್ಮ ಕೇಳುಗರೇ, ಮತ್ತು ಪ್ರೀತಿಯ ಸಭಿಕರೇ,

ನನಗೆ ಶಾಲು ಹೊದಿಸಿದಿರಿ, ಹಾರ ಹಾಕಿದಿರಿ. ಸನ್ಮಾನಪತ್ರವನ್ನು ಸರಿತಾ ಅವರು ಬಹಳ ಚಂದ ಓದಿದರು. ಅದರಲ್ಲಿ ಒಂದು ಸಾಲಿದೆ: ‘ಅಂಧರ ಬಾಳಿಗೆ ಬೆಳಕಾದ ದನಿ.’ ಆ ಸಾಲು ಬಂದಾಗ ನೀವೆಲ್ಲ ಚಪ್ಪಾಳೆ ತಟ್ಟಿದಿರಿ. ನಾನು ತಲೆ ಬಗ್ಗಿಸಿದೆ. ಪಕ್ಕದಲ್ಲಿದ್ದ ಅಧ್ಯಕ್ಷರು ನನ್ನ ಬೆನ್ನು ತಟ್ಟಿ, ‘ವಿನಯ ಬಹಳ ಐತ್ರಿ ನಿಮಗ’ ಎಂದರು. ಅಧ್ಯಕ್ಷರೇ, ಕ್ಷಮಿಸಬೇಕು, ಅದು ವಿನಯ ಆಗಿರಲಿಲ್ಲ.

ನನ್ನ ಪರಿಚಯ ಬಹಳ ಜನರಿಗೆ ಬೇಕಾಗಿಲ್ಲ. ಹೆಸರು ಮಾಳಿಂಗರಾಯ. ನಮ್ಮಪ್ಪ ಕುರಿ ಕಾಯುತ್ತಿದ್ದ. ನಾನು ಸಾಲಿ ಕಲಿತು ಬಸ್ಸಿನ ಇಲಾಖೆ ಸೇರಿದೆ. ಜಮಖಂಡಿ ಬಸ್ ನಿಲ್ದಾಣದಲ್ಲಿ ಕಂಟ್ರೋಲರ್ ಆಗಿ ಇಪ್ಪತ್ತೊಂದು ವರ್ಷ ಮೈಕಿನ ಮುಂದೆ ಕುಳಿತೆ. ನಾನು ಹೇಳಿದ ಬಸ್ಸು ತಡವಾದರೆ ಜನ ಡ್ರೈವರನನ್ನು ಬೈಯುತ್ತಿರಲಿಲ್ಲ, ನನ್ನನ್ನು ಬೈಯುತ್ತಿದ್ದರು. ಒಬ್ಬ ಮುದುಕಿ ಒಮ್ಮೆ ಕಿಟಕಿಗೆ ಬಂದು, ‘ತಮ್ಮಾ, ನೀ ಇನ್ನೊಮ್ಮಿ ಒದರು, ಬಸ್ಸಿಗೆ ಕೇಳ್ಸಿಲ್ಲ ಕಾಣ್ತೈತಿ’ ಎಂದಿದ್ದಳು. ಎರಡು ಸಾವಿರದ ಒಂಬತ್ತರಲ್ಲಿ ನಿವೃತ್ತನಾದೆ. ಆಮೇಲೆ ನಮ್ಮ ಮನೆಯಲ್ಲಿ ನನ್ನ ದನಿ ಕೇಳುವವರು ಒಬ್ಬರೇ ಉಳಿದರು, ನನ್ನ ಹೆಂಡತಿ ಸಿದ್ದಕ್ಕ. ಅವಳೂ ಕೇಳುತ್ತಿದ್ದಳು ಎಂದು ಖಾತ್ರಿಯಾಗಿ ಹೇಳಲಾರೆ. ಅಲ್ಲಿ ಕಂಬದ ಪಕ್ಕ ಕುಳಿತು ನಗುತ್ತಿದ್ದಾಳೆ, ನೋಡಿ.

ಎರಡು ಸಾವಿರದ ಹನ್ನೊಂದರಲ್ಲಿ ಸರಿತಾ ಅವರು ಮನೆಗೆ ಬಂದರು. ಕಣ್ಣಿಲ್ಲದವರಿಗಾಗಿ ದಿನಾಲೂ ಮುಂಜಾನೆ ಏಳೂವರೆಯಿಂದ ಎಂಟೂವರೆಯವರೆಗೆ ಪೇಪರ್ ಓದುವ ಕಾರ್ಯಕ್ರಮ, ಓದುವವರು ಬೇಕಾಗಿದ್ದಾರೆ ಎಂದರು. ನನಗೆ ಹೋದ ಜೀವ ಬಂದಂತಾಯಿತು.

ನಮ್ಮಂಥ ಸಣ್ಣ ಕೇಂದ್ರ ರಾಜಕೀಯದ ಸುದ್ದಿ ಓದುವ ಹಾಗಿಲ್ಲ. ಹಾಗಾದರೆ ಏನು ಓದಬೇಕು? ಕರೆಂಟು ಯಾವ ಓಣಿಯಲ್ಲಿ ಎಷ್ಟು ಹೊತ್ತಿಗೆ ಹೋಗುತ್ತದೆ, ನೀರು ಯಾವಾಗ ಬಿಡುತ್ತಾರೆ, ಅಂಗವಿಕಲರ ಶಿಬಿರ ಎಲ್ಲಿ, ಪರೀಕ್ಷೆ ಯಾವಾಗ, ಕಬ್ಬಿನ ಬೆಳೆಗೆ ಏನು ಔಷಧ, ಯಾರು ತೀರಿಕೊಂಡರು. ಇಂಥವು. ಸರಿತಾ ಅವರು ಬೆಳಿಗ್ಗೆ ಪೇಪರಿನ ಮೇಲೆ ಕೆಂಪು ಪೆನ್ನಿನಿಂದ ಗುರುತು ಹಾಕಿಡುತ್ತಿದ್ದರು. ನಾನು ಗುರುತು ನೋಡಿ ಓದಬೇಕು. ಅಷ್ಟೇ ಕೆಲಸ.

ಆ ಗುರುತು ಹಾಕಿದ್ದರಲ್ಲಿ ಒಂದನ್ನು ನಾನು ಬಿಡತೊಡಗಿದೆ. ನಾಲ್ಕನೇ ಪುಟದ ನಿಧನವಾರ್ತೆ.

ಯಾಕೆ ಬಿಟ್ಟೆ? ಈ ಪ್ರಶ್ನೆಗೆ ನಾನು ಬಹಳ ದಿನ ಒಂದೇ ಉತ್ತರ ಇಟ್ಟುಕೊಂಡಿದ್ದೆ. ಪಾಪ, ಮೊದಲೇ ಕಣ್ಣಿಲ್ಲದವರು, ಬೆಳಗಾಗೆದ್ದು ಅವರಿಗೆ ಸಾವಿನ ಸುದ್ದಿ ಯಾಕೆ ಎಂದು. ಕನಿಕರದ ಮಾತು. ಕೇಳಿದವರು ಯಾರಾದರೂ ಮೆಚ್ಚುವಂಥ ಮಾತು. ಮುಂದಿನ ಸಾಲಿನಲ್ಲಿರುವ ನನ್ನ ಕೇಳುಗರೇ, ಹಾಗೆ ಮಾಡಿರಿ ಎಂದು ನಿಮ್ಮಲ್ಲಿ ಒಬ್ಬರಾದರೂ ನನ್ನನ್ನು ಕೇಳಿದ್ದಿರಾ? ನಿಮ್ಮಲ್ಲಿ ಒಬ್ಬರನ್ನಾದರೂ ನಾನು ಕೇಳಿದ್ದೆನೇ?

ಆ ಉತ್ತರ ಅರ್ಧ ಮಾತ್ರ ನಿಜ. ಉಳಿದರ್ಧ ಇವತ್ತು ಹೇಳುತ್ತೇನೆ. ನಿಧನವಾರ್ತೆ ಓದಲು ನಾಲ್ಕು ನಿಮಿಷ ಹಿಡಿಯುತ್ತಿತ್ತು. ಆ ನಾಲ್ಕು ನಿಮಿಷ ನನಗೆ ಬೇಕಾಗಿತ್ತು. ಬಸ್ ನಿಲ್ದಾಣದ ಒಂದೊಂದು ಪ್ರಸಂಗವನ್ನು ನಗೆ ಬರುವ ಹಾಗೆ ಹೇಳುತ್ತಿದ್ದೆ. ಆ ಮುದುಕಿಯ ಕಥೆಯನ್ನೇ ಕನಿಷ್ಠ ಐದು ಸಲ ಹೇಳಿರಬೇಕು. ಜನ ಫೋನ್ ಮಾಡುತ್ತಿದ್ದರು. ‘ಮುಂಜಾನಿ ಮುಂಜಾನಿ ನಗಿಸ್ತೀರಿ ನೋಡ್ರಿ’ ಎನ್ನುತ್ತಿದ್ದರು. ಸಿದ್ದಕ್ಕ ಒಂದು ದಿನ ಊಟಕ್ಕೆ ಬಡಿಸುತ್ತಾ, ‘ನೀವು ಓದೂದು ಕಡಿಮಿ ಆಗಿ ಮಾತಾಡೂದು ಜಾಸ್ತಿ ಆಗೇತಿ’ ಎಂದಳು. ನಿನಗೇನು ತಿಳಿಯುತ್ತದೆ ಎಂದು ಅವಳ ಮೇಲೆ ರೇಗಿದೆ. ಸರಿತಾ ಅವರು ಒಮ್ಮೆ, ‘ಸರ್, ನಿಧನದ್ದು ಬಿಟ್ಟಿರೇನ್ರಿ?’ ಎಂದು ಕೇಳಿದರು. ‘ವ್ಯಾಳೆ ಸಾಲಲಿಲ್ಲವ್ವ’ ಎಂದೆ. ಹಿರಿಯರು ಎಂದು ಅವರು ಮತ್ತೆ ಕೇಳಲಿಲ್ಲ.

ಹೀಗೆ ಕೆಲವು ತಿಂಗಳು ನಡೆಯಿತು. ಒಂದು ಬೆಳಿಗ್ಗೆ ಕಾರ್ಯಕ್ರಮ ಮುಗಿಸಿ ಏಳುವಾಗ ಫೋನ್ ಬಂತು. ಹೆಣ್ಣುಮಗಳ ದನಿ. ಹಿಂದೆ ಮಗ್ಗದ ಸದ್ದು.

‘ಅಣ್ಣಾರ, ನಾ ಇಲ್ಲೇ ಬನಹಟ್ಟಿಯಿಂದ ಶಿವಗಂಗವ್ವ ಮಾತಾಡಾಕತ್ತೇನ್ರಿ. ಕಣ್ಣು ಕಾಣಂಗಿಲ್ರಿ. ಒಂದು ಮಾತು ಕೇಳಬೇಕಾಗಿತ್ತು.’

‘ಕೇಳ್ರಿ ಅಕ್ಕಾರ.’

‘ಇತ್ತಿತ್ತಲಾಗ ಯಾರೂ ಸಾಯಾಕತ್ತಿಲ್ಲೇನ್ರಿ?’

ನನಗೆ ನಗು ತಡೆಯಲಾಗಲಿಲ್ಲ. ‘ಹೌದ್ರಿ ಅಕ್ಕಾರ, ಈ ವರ್ಷ ಎಲ್ಲಾರೂ ಆರಾಮ ಅದಾರ’ ಎಂದೆ.

ಅವರೂ ನಕ್ಕರು. ‘ಹಂಗಾರ ಛಲೋ ಆತು ಬಿಡ್ರಿ. ನಮ್ಮವರೂ ಆರಾಮ ಇರಬೇಕು’ ಎಂದು ಫೋನ್ ಇಟ್ಟರು.

ಆ ಹೆಂಗಸು ಯಾರು, ಯಾಕೆ ಹಾಗೆ ಕೇಳಿದರು ಎಂಬುದು ನನಗೆ ತಿಳಿದದ್ದು ಬಹಳ ತಡವಾಗಿ. ನಿಮಗೆ ಈಗಲೇ ಹೇಳುತ್ತೇನೆ.

ಶಿವಗಂಗವ್ವ ಬೀಳಗಿ ತಾಲೂಕಿನ ಒಂದು ಹೊಳೆದಂಡೆ ಊರಿನ ಸೊಸೆ. ಆ ಊರು ಈಗ ಇಲ್ಲ, ಆಲಮಟ್ಟಿ ಹಿನ್ನೀರಿನ ಕೆಳಗಿದೆ. ಒಂದೇ ಮನೆಗೆ ಇಬ್ಬರು ಸೊಸೆಯಂದಿರು. ಅಣ್ಣ ಹುಲೆಪ್ಪನ ಹೆಂಡತಿ ಅನಸವ್ವ, ತಮ್ಮನ ಹೆಂಡತಿ ಈ ಶಿವಗಂಗವ್ವ. ಮದುವೆಯಾಗಿ ಎಂಟು ವರ್ಷಕ್ಕೆ ಶಿವಗಂಗವ್ವನ ಕಣ್ಣು ಮಂಜಾಗುತ್ತ ಬಂದು ಪೂರ್ತಿ ಹೋದವು. ಆಗ ಮನೆಯಲ್ಲಿ ಎಲ್ಲರೂ ಕೈ ಬಿಟ್ಟರೂ ಅನಸವ್ವ ಬಿಡಲಿಲ್ಲ. ಹೊಳೆಗೆ ನೀರಿಗೆ ಹೋಗುವಾಗ ಕೈ ಹಿಡಿದು ಕರೆದೊಯ್ದರು. ರೊಟ್ಟಿ ಬಡಿಯುವುದನ್ನು ಮತ್ತೆ ಮೊದಲಿನಿಂದ ಕಲಿಸಿದರು, ಬೆರಳನ್ನು ಹಿಡಿದು ಹಂಚಿನ ಅಂಚು ಎಲ್ಲಿದೆ ಎಂದು ತೋರಿಸಿ. ಹದಿನಾರು ವರ್ಷ ಹಾಗೆ ಕಳೆದವು.

ಆಮೇಲೆ ಊರು ಮುಳುಗುವ ಹೊತ್ತು ಬಂತು. ಜನ ತಮ್ಮ ಮನೆಯ ತೊಲೆ, ಕಂಬ, ಬಾಗಿಲು ಕಿತ್ತು ಗಾಡಿಗೆ ಹೇರುತ್ತಿದ್ದರು. ಹೆಬ್ಬಾಗಿಲಿನ ತೇಗದ ಚೌಕಟ್ಟು ಯಾರು ಒಯ್ಯಬೇಕು ಎಂದು ಅಣ್ಣತಮ್ಮಂದಿರಿಗೆ ಜಗಳವಾಯಿತು. ಮಾತು ಮಾತಿಗೆ ಬೆಳೆದು, ಸತ್ತರೂ ಒಬ್ಬರ ಮಣ್ಣಿಗೆ ಒಬ್ಬರು ಬರಬಾರದು ಎಂದು ಆಣೆ ಹಾಕಿಕೊಂಡರು. ಹುಲೆಪ್ಪ ಬಾಡಗಂಡಿಯಾಚೆಯ ಪುನರ್ವಸತಿ ಕೇಂದ್ರಕ್ಕೆ ಹೋದ. ಶಿವಗಂಗವ್ವನ ಗಂಡ ಮಗ್ಗದ ಕೆಲಸಕ್ಕೆಂದು ಬನಹಟ್ಟಿಗೆ ಬಂದ. ಹೆಂಗಸರಿಬ್ಬರಿಗೂ ಯಾವ ಜಗಳವೂ ಇರಲಿಲ್ಲ. ಆದರೆ ಕೇಳುವವರು ಯಾರು?

ತಮ್ಮ ತೀರಿಕೊಂಡ, ಅಣ್ಣ ಬರಲಿಲ್ಲ. ಶಿವಗಂಗವ್ವ ಮಗನ ಮನೆಯಲ್ಲಿ ರಾಟಿಯ ಮುಂದೆ ಕುಳಿತು ಮಗ್ಗದ ಲಾಳಿಗೆ ಹಾಕುವ ನೂಲಿನ ಕಂಡಿಕೆ ಸುತ್ತುತ್ತಿದ್ದರು, ಈಗಲೂ ಸುತ್ತುತ್ತಾರೆ. ಪಕ್ಕದಲ್ಲಿ ರೇಡಿಯೋ. ಊರಿನ ಜನ ಹತ್ತು ದಿಕ್ಕಿಗೆ ಚದುರಿ ಹೋದ ಮೇಲೆ ಯಾರು ಇದ್ದಾರೆ ಯಾರು ಇಲ್ಲ ಎಂದು ಅವರಿಗೆ ಗೊತ್ತಾಗುತ್ತಿದ್ದದ್ದು ನಾಲ್ಕನೇ ಪುಟದ ಆ ಒಂದು ಕಾಲಂನಿಂದ. ಅನಸವ್ವನ ಹೆಸರು ಅದರಲ್ಲಿ ಬರದ ಪ್ರತಿ ದಿನವೂ ಅವರಿಗೆ ಅನಸವ್ವ ಬದುಕಿದ್ದ ದಿನ. ನಾನು ನಾಲ್ಕು ನಿಮಿಷ ನಗಿಸಿ ಎದ್ದು ಬರುತ್ತಿದ್ದೆ.

ಎರಡು ಸಾವಿರದ ಹನ್ನೆರಡು, ಶಿವರಾತ್ರಿಯ ಮರುದಿನ ಅನಸವ್ವ ತೀರಿಕೊಂಡರು. ಪೇಪರಿನಲ್ಲಿ ಬಂತು. ನಾನು ಓದಲಿಲ್ಲ. ಅವತ್ತು ಯಾವ ಪ್ರಸಂಗ ಹೇಳಿ ನಗಿಸಿದೆ ಎಂಬುದೂ ನೆನಪಿಲ್ಲ.

ಆ ವರ್ಷದ ನಾಗರ ಪಂಚಮಿಗೆ ಶಿವಗಂಗವ್ವ ಹಟ ಹಿಡಿದರು. ಗಂಡ ಹೋಗಿ ಎರಡು ವರ್ಷವಾಯಿತು, ಗಂಡಸರ ಆಣೆ ಅವರ ಕೂಡ ಹೋಯಿತು, ನಾನು ಅನಸಕ್ಕನನ್ನು ನೋಡಿ ಬರುತ್ತೇನೆ ಎಂದರು. ನೋಡಿ ಬರುತ್ತೇನೆ ಎಂದೇ ಅವರು ಹೇಳುವುದು. ಎಳ್ಳುಂಡಿ, ಶೇಂಗಾದ ಉಂಡಿ ಕಟ್ಟಿಸಿಕೊಂಡು, ಒಂದು ರವಿಕೆಯ ಖಣ ಮಡಿಚಿಟ್ಟುಕೊಂಡು, ಸೊಸೆಯ ಕೈ ಹಿಡಿದು ಎರಡು ಬಸ್ ಬದಲಿಸಿ ಹೋದರು. ಅಂಗಳದಲ್ಲಿ ನಿಂತು, ‘ಅನಸಕ್ಕಾ, ನಾ ಗಂಗಿ ಬಂದೀನಿ’ ಎಂದು ಕೂಗಿದರು.

ಒಳಗಿನಿಂದ ಬಂದವಳು ಅನಸವ್ವನ ಮಗಳು ಉಮಾಶ್ರೀ. ‘ಈಗ ಬಂದೇನು ಚಿಗವ್ವಾ? ಅವ್ವ ಹೋಗಿ ಐದು ತಿಂಗಳಾತು. ಪೇಪರಿನ್ಯಾಗ ಫೋಟೋ ಸುದ್ದಾ ಹಾಕಿಸಿದ್ವಿ.’

‘ರೇಡಿಯೋದಾಗ ಓದಲಿಲ್ಲವಾ, ನಿನ್ನಾಣಿ ಓದಲಿಲ್ಲ.’

‘ಪೇಪರಿನ್ಯಾಗ ಬಂದದ್ದು ರೇಡಿಯೋದಾಗ ಯಾಕ ಓದೂದಿಲ್ಲ? ಬರೂ ಮನಸಿರಲಿಲ್ಲ ಅಂತ ಹೇಳು.’

ಉಂಡಿಯ ಡಬ್ಬಿಯನ್ನು ಉಮಾಶ್ರೀ ಇಸಿದುಕೊಳ್ಳಲಿಲ್ಲ. ಸೊಸೆ ಅದನ್ನು ಹಾಗೆಯೇ ಹೊತ್ತು ತಂದಳು.

ಮರುದಿನ ಶಿವಗಂಗವ್ವ ನಮ್ಮ ಕೇಂದ್ರಕ್ಕೆ ಬಂದರು. ಸೊಸೆ ಅವರನ್ನು ಬಾಗಿಲವರೆಗೆ ತಂದು ಬಿಟ್ಟು, ಮಗುವಿನ ಸಾಲಿಗೆ ಹೋಗಿ ಬರುತ್ತೇನೆ ಎಂದು ಹೋದಳು. ಸರಿತಾ ಅವರು ತರಬೇತಿಗೆ ಹುಬ್ಬಳ್ಳಿಗೆ ಹೋಗಿದ್ದರು. ಕೋಣೆಯಲ್ಲಿ ನಾನೊಬ್ಬನೇ. ಶಿವಗಂಗವ್ವ ನಡೆದದ್ದನ್ನೆಲ್ಲ ನಾನು ಈಗ ನಿಮಗೆ ಹೇಳಿದ ಹಾಗೆ ಹೇಳಿದರು. ಅಳಲಿಲ್ಲ. ಕೊನೆಗೆ, ‘ಶಿವರಾತ್ರಿ ಆದ ಎರಡನೇ ದಿನದ ಪೇಪರ್ ಇದ್ರ ಸ್ವಲ್ಪ ನೋಡ್ರಿ ಅಣ್ಣಾರ’ ಎಂದರು.

ಹಳೆಯ ಪೇಪರುಗಳ ಕಟ್ಟು ಬಿಚ್ಚಿದೆ. ನಾಲ್ಕನೇ ಪುಟ. ಆರು ಫೋಟೋ ಇದ್ದವು, ಮೂರನೆಯದು ಅನಸವ್ವ. ತಲೆತುಂಬ ಸೆರಗು ಹೊದ್ದು ನೇರವಾಗಿ ನೋಡುತ್ತಿದ್ದರು. ‘ಅಂತ್ಯಕ್ರಿಯೆ ಇಂದು ಮಧ್ಯಾಹ್ನ ಮೂರು ಗಂಟೆಗೆ.’ ಏಳೂವರೆಗೆ ನಾನು ಅದನ್ನು ಓದಿದ್ದರೆ ಇವರು ಹನ್ನೆರಡರೊಳಗೆ ಅಲ್ಲಿರುತ್ತಿದ್ದರು. ಪಕ್ಕದಲ್ಲಿ ಸರಿತಾ ಅವರ ಕೆಂಪು ಗುರುತು ಇತ್ತು. ನನ್ನ ಬೆರಳು ಆ ಫೋಟೋದ ಮೇಲೆಯೇ ಇತ್ತು.

‘ಸಿಕ್ತೇನ್ರಿ?’

‘ಇಲ್ರಿ.’

‘ಸಮಾಧಾನಲೆ ನೋಡ್ರಿ. ಅನಸವ್ವ ಅಂತ ಇರತೈತಿ.’

ನಾನು ಹಾಳೆಯನ್ನು ಸದ್ದಾಗುವ ಹಾಗೆ ತಿರುವಿದೆ. ಹುಡುಕುತ್ತಿದ್ದೇನೆ ಎಂದು ಅವರಿಗೆ ಕೇಳಿಸಲಿ ಎಂದು ತಿರುವಿದೆ, ಸಭಿಕರೇ. ನಂತರ, ‘ಇಲ್ರಿ ಅಕ್ಕಾರ, ಈ ಪೇಪರಿನ್ಯಾಗ ಇಲ್ಲ. ಬ್ಯಾರೆ ಪೇಪರಿಗೆ ಕೊಟ್ಟಿರಬೇಕು’ ಎಂದೆ.

‘ಹಂಗಾರ ಯಾರ ತಪ್ಪೂ ಅಲ್ಲ ಬಿಡ್ರಿ. ನಿಮಗ ಸುಮ್ನ ತ್ರಾಸ ಕೊಟ್ಟೆ’ ಎಂದು ಎದ್ದರು. ಮೆಟ್ಟಿಲಿಳಿಯುವಾಗ ನನ್ನ ತೋಳು ಹಿಡಿದುಕೊಂಡರು. ನನ್ನನ್ನು ನಂಬಿ ಒಂದೊಂದೇ ಮೆಟ್ಟಿಲು ಇಳಿದರು.

ಕನ್ನಡದಲ್ಲಿ ಕನಿಕರಕ್ಕೂ ಪಾಪ ಎನ್ನುತ್ತೇವೆ, ಕೆಟ್ಟ ಕೆಲಸಕ್ಕೂ ಪಾಪ ಎನ್ನುತ್ತೇವೆ. ಅರವತ್ತೆರಡು ವರ್ಷ ಅವೆರಡೂ ಬೇರೆ ಬೇರೆ ಎಂದು ತಿಳಿದಿದ್ದೆ.

ಮರುದಿನದಿಂದ ನಿಧನವಾರ್ತೆ ಓದಲು ಶುರು ಮಾಡಿದೆ. ಯಾಕೆ ಎಂದು ಯಾರಿಗೂ ಹೇಳಲಿಲ್ಲ. ಇನ್ನು ಸರಿಯಾಯಿತು ಎಂದುಕೊಂಡೆ. ಸರಿಯಾಗುತ್ತದೆಯೇ? ತಿಂಗಳು ಕಳೆಯಿತು. ಒಂದು ಬೆಳಿಗ್ಗೆ ಅದೇ ಮಗ್ಗದ ಸದ್ದಿನ ಫೋನ್.

‘ಅಣ್ಣಾರ, ಈಗ ಮತ್ತ ಓದಾಕತ್ತೀರಲಾ, ಛಲೋ ಆತ್ರಿ. ಮಂದಿ ಮತ್ತ ಸಾಯಾಕ ಚಾಲೂ ಮಾಡಿದ್ರೇನು?’

ಇದು ಸಹಜವಾಗಿ ಆಡಿದ ಮಾತೋ, ಎಲ್ಲ ತಿಳಿದು ಕೇಳಿದ್ದೋ ಇವತ್ತಿಗೂ ನನಗೆ ಗೊತ್ತಿಲ್ಲ. ಕೇಳುವ ಧೈರ್ಯವೂ ಬಂದಿಲ್ಲ. ಆ ಸಂಜೆ ಅವರ ಮನೆ ಹುಡುಕಿಕೊಂಡು ಹೋದೆ. ರಾಟಿ ತಿರುಗುತ್ತಿತ್ತು. ಎದುರಿಗೆ ನೆಲದ ಮೇಲೆ ಕುಳಿತು ಎಲ್ಲ ಹೇಳಿದೆ. ಮೊದಲು ಬಿಟ್ಟದ್ದು, ಫೋನಿನಲ್ಲಿ ನಕ್ಕದ್ದು, ಬೆರಳು ಫೋಟೋದ ಮೇಲಿಟ್ಟು ಇಲ್ಲ ಎಂದದ್ದು. ರಾಟಿ ನಿಲ್ಲಲಿಲ್ಲ. ಒಂದು ಕಂಡಿಕೆ ತುಂಬಿತು, ತೆಗೆದಿಟ್ಟು ಇನ್ನೊಂದು ಹಾಕಿದರು.

ಆಮೇಲೆ ಹೇಳಿದರು: ‘ನನ್ನ ಮುಂದ ಯಾಕ ಹೇಳಾಕತ್ತೀರಿ? ನಾ ಹೋಗಲಿಲ್ಲ ಅಂತ ನನಗ ಗೊತ್ತೈತಿ. ಗೊತ್ತಿದ್ದೂ ಬರಲಿಲ್ಲ ಅಂತ ಅಲ್ಲೆ ಅನ್ಕೊಂಡು ಕುಂತಾರ. ಅಲ್ಲೆ ಬಂದು ಹೇಳ್ರಿ.’

ಬರುತ್ತೇನೆ ಎಂದೆ. ಹೋದೆನೇ? ನಾಲ್ಕು ತಿಂಗಳು ಹೋಗಲಿಲ್ಲ. ಮೊಣಕಾಲು ನೋವು ಎಂದೆ, ನೆಂಟರ ಮದುವೆ ಎಂದೆ, ಬೀರೇಶ್ವರನ ಗುಡಿಯ ಕೆಲಸ ಎಂದೆ. ಕೊನೆಗೆ ಸಿದ್ದಕ್ಕನಿಗೆ ಎಲ್ಲ ಹೇಳಿದೆ. ಅವಳು ಬೈಯುತ್ತಾಳೆ ಎಂದುಕೊಂಡಿದ್ದೆ. ನನ್ನ ಅಂಗಿ ಇಸ್ತ್ರಿ ಮಾಡಿ ಗೂಟಕ್ಕೆ ಹಾಕಿದಳು. ‘ನಾಳಿಗೆ ಹೋಗ್ರಿ. ನಾನೂ ಬರ್ತೀನಿ’ ಎಂದಳು.

ಮೂವರೂ ಹೋದೆವು. ಪುನರ್ವಸತಿಯ ಸಿಮೆಂಟಿನ ಸಣ್ಣ ಮನೆ, ಅದಕ್ಕೆ ಹೊಂದದಷ್ಟು ದೊಡ್ಡ ತೇಗದ ಚೌಕಟ್ಟು. ಒಳಗೆ ಕಾಲಿಡುವಾಗ ಶಿವಗಂಗವ್ವನ ಕೈ ಅದಕ್ಕೆ ತಾಗಿತು. ಅಲ್ಲಿಯೇ ನಿಂತು ಅಂಗೈಯಿಂದ ಮೇಲಿನಿಂದ ಕೆಳಗೆ ಸವರಿದರು. ‘ಇದಽ ಅಲ್ಲೇನು’ ಎಂದರು.

ಹುಲೆಪ್ಪ ಮಂಚದ ಮೇಲೆ ಕುಳಿತಿದ್ದರು. ಎಂಬತ್ತರ ಹತ್ತಿರದವರು. ಉಮಾಶ್ರೀ ಅಡುಗೆಮನೆಯ ಬಾಗಿಲಲ್ಲಿ ನಿಂತಳು. ನಾನು ನಿಂತುಕೊಂಡೇ ಹೇಳಿದೆ. ಸಾವಿರಾರು ಜನಕ್ಕೆ ಬಸ್ಸಿನ ವೇಳೆ ಹೇಳಿದ ದನಿ, ನಾಲ್ಕು ಜನರ ಮುಂದೆ ಹೊರಡಲಿಲ್ಲ. ಎರಡೆರಡು ಸಲ ಕೆಮ್ಮಿ ಹೇಳಿದೆ. ತಪ್ಪು ಇವರದಲ್ಲ, ನನ್ನದು.

ಉಮಾಶ್ರೀ ಮುಂದೆ ಬಂದಳು. ‘ಇಲ್ಲಿ ಬನಹಟ್ಟಿಯಿಂದ ವರ್ಷಕ್ಕೊಮ್ಮೆ ಸೀರಿ ಮಾರಾಕ ಬರಾಂವ ಒಬ್ಬಾಂವ ಇದಾನ್ರಿ. ನಿಮ್ಮ ಗಂಗವ್ವ ದಿನಾ ಮುಂಜಾನಿ ರೇಡಿಯೋದಾಗ ಸತ್ತವರ ಹೆಸರು ಕೇಳ್ತಾಳ ಅಂತ ಅಂವ ಹೇಳಿದ್ದ. ಅವ್ವ ಕಡೀ ಎರಡು ದಿನ ಚಿಗವ್ವನ ಹೆಸರೇ ತಗದ್ಲು. ನಂಬರ ನಮ್ಮ ಕಡೆ ಇರಲಿಲ್ಲ. ನಾ ಹೋದ್ರ ಪೇಪರಿಗೆ ಕೊಡ್ರಿ, ಗಂಗಿ ಕೇಳಿ ಬರ್ತಾಳ ಅಂದ್ಲು. ಅಪ್ಪನ ಕೂಡ ಜಗಳಾಡಿ ಕೊಟ್ಟೆ. ಆಕಿ ಒಬ್ಬಾಕಿ ಕೇಳಲಿ ಅಂತನ ಕೊಟ್ಟದ್ರಿ ಅದು.’

ಸಭಿಕರೇ, ಸಿದ್ದಕ್ಕ ನನ್ನನ್ನು ಹಿಡಿದು ಕೂರಿಸಿದಳು.

ಹುಲೆಪ್ಪ ಮಾತಾಡಿದರು. ‘ನೀವು ಓದಿದ್ರೂ ನಾ ಇಕಿನ್ನ ಒಳಗ ಬಿಡ್ತಿದ್ದೆನೋ ಇಲ್ಲೋ, ನನಗೂ ಗೊತ್ತಿಲ್ರಿ. ನಂದೂ ತಪ್ಪೈತಿ. ಆದ್ರ ಬಂದು ಅಂಗಳದಾಗ ನಿಂತಿದ್ರ ಒಯ್ಯೂ ಮುಂದ ಅನಸೀ ಕಾಲನ್ನಾದ್ರೂ ಮುಟ್ಟತಿದ್ಲು.’

ಅಷ್ಟೇ. ನನ್ನನ್ನು ಬೈಯಲಿಲ್ಲ, ಕ್ಷಮಿಸಲೂ ಇಲ್ಲ. ಉಮಾಶ್ರೀ ಬಂದು ಶಿವಗಂಗವ್ವನ ಕೈ ಹಿಡಿದಳು. ‘ಬಾ ಚಿಗವ್ವ, ಅವ್ವನ ಕಡೆ ಹೋಗೂಣು’ ಎಂದಳು. ಹೊಲದ ಬದುವಿನಲ್ಲಿ ಅನಸವ್ವನನ್ನು ಮಣ್ಣು ಮಾಡಿದ್ದಾರೆ. ಇಬ್ಬರೂ ಕಬ್ಬಿನ ನಡುವಿನ ದಾರಿಯಲ್ಲಿ ಹೋದರು. ನಾನು ಹೋಗಲಿಲ್ಲ. ಬಹಳ ಹೊತ್ತಿನ ಮೇಲೆ ತಿರುಗಿ ಬಂದಾಗ ಶಿವಗಂಗವ್ವನ ಎರಡೂ ಅಂಗೈಗೆ ಮಣ್ಣು ಹತ್ತಿತ್ತು. ಕೈ ತೊಳೆಯಿರಿ ಎಂದು ಸಿದ್ದಕ್ಕ ನೀರು ಕೊಟ್ಟಳು. ಬೇಡ ಎಂದರು. ಬನಹಟ್ಟಿಯವರೆಗೆ ಹಾಗೆಯೇ ಕುಳಿತು ಬಂದರು.

ಇದಾಗಿ ಒಂದು ವರ್ಷವಾಯಿತು. ಅವರು ಈಗ ಆಗಾಗ ಬಾಡಗಂಡಿಯ ಕಡೆ ಹೋಗಿಬರುತ್ತಾರೆ. ಉಮಾಶ್ರೀ ಫೋನ್ ಮಾಡುತ್ತಾಳಂತೆ. ಕ್ಷಮಿಸಿದ್ದೇನೆ ಎಂದು ಅವರು ಹೇಳಿಲ್ಲ, ನಾನು ಕೇಳಿಲ್ಲ. ಇವತ್ತಿನ ಕಾರ್ಯಕ್ರಮಕ್ಕೆ ಕರೆಯಲು ಹೋಗಿದ್ದೆ. ‘ಶಾಲು ಹೊಚ್ಚಿಸ್ಕೊಳ್ಳೂದು ನೀವು, ನಾ ಬಂದು ಏನು ಮಾಡ್ಲಿ? ನನಗ ಕಂಡಿಕಿ ಅದಾವ’ ಎಂದರು. ಸರಿಯಾದ ಮಾತು.

ಈ ಶಾಲನ್ನು ತೆಗೆದು ಅಧ್ಯಕ್ಷರ ಕೈಗೆ ವಾಪಸು ಕೊಡಬಹುದಿತ್ತು. ರಾತ್ರಿಯೆಲ್ಲ ಹಾಗೆ ಮಾಡಬೇಕೆಂದೇ ಯೋಚಿಸಿದ್ದೆ. ಆಮೇಲೆ ಅನ್ನಿಸಿತು, ಅದಕ್ಕೂ ನೀವು ಚಪ್ಪಾಳೆ ತಟ್ಟುತ್ತೀರಿ, ಅದೂ ನನಗೆ ಹಿತವಾಗುತ್ತದೆ. ಬೇಡ. ಹೊದ್ದುಕೊಂಡೇ ನಿಂತಿರುತ್ತೇನೆ, ಸೆಕೆಯಾದರೂ ಸರಿ. ಸರಿತಾ ಅವರೇ, ನಿಮಗೆ ನಾನು ಎರಡು ವರ್ಷ ಸುಳ್ಳು ಹೇಳಿದೆ. ಇನ್ನು ಮೇಲೆ ಓದುವವರು ಏನನ್ನಾದರೂ ಬಿಟ್ಟರೆ, ಹಿರಿಯರು ಎಂದು ಸುಮ್ಮನಿರಬೇಡಿ. ಮುಂದಿನ ಸಾಲಿನ ಕೇಳುಗರೇ, ಅದೇ ಮಾತು ನಿಮಗೂ.

ಇನ್ನೊಂದು ಕೆಲಸ ಉಳಿದಿದೆ. ಈ ಸಮಾರಂಭದ ತಯಾರಿಗೆಂದು ಇವತ್ತು ಮುಂಜಾನೆಯ ಓದು ರದ್ದಾಗಿದೆ. ಈ ಸಭೆ ಈಗ ನೇರ ಪ್ರಸಾರವಾಗುತ್ತಿದೆ ಎಂದು ಸರಿತಾ ಅವರು ಹೇಳಿದರು. ಇವತ್ತಿನ ಪೇಪರಿನ ನಾಲ್ಕನೇ ಪುಟದಲ್ಲಿ ಮೂರು ಹೆಸರುಗಳಿವೆ. ಅಧ್ಯಕ್ಷರ ಅಪ್ಪಣೆ ಸಿಕ್ಕಿತೆಂದು ತಿಳಿದು ಓದುತ್ತೇನೆ.

ತಾಯವ್ವ ಗಿರಿಮಲ್ಲಪ್ಪ ಪೂಜಾರಿ, ಎಂಬತ್ತೊಂದು ವರ್ಷ, ಸಾವಳಗಿ. ಮೂವರು ಗಂಡುಮಕ್ಕಳು, ಇಬ್ಬರು ಹೆಣ್ಣುಮಕ್ಕಳು ಇದ್ದಾರೆ. ಅಂತ್ಯಕ್ರಿಯೆ ಇಂದು ಮಧ್ಯಾಹ್ನ ನಾಲ್ಕಕ್ಕೆ, ಅವರ ತೋಟದಲ್ಲಿ.

ಜಕ್ಕಪ್ಪ ಹೊಸಮನಿ, ಎಪ್ಪತ್ತು ವರ್ಷ, ನಿವೃತ್ತ ಪೋಸ್ಟ್‌ಮನ್, ರಬಕವಿ. ಪತ್ನಿ ಇದ್ದಾರೆ. ಅಂತ್ಯಕ್ರಿಯೆ ನಿನ್ನೆ ಸಂಜೆ ನೆರವೇರಿದೆ.

ಶಿವಾಜಿ ಬಡಿಗೇರ, ಇಪ್ಪತ್ತೆಂಟು ವರ್ಷ, ಮುಧೋಳ. ತಂದೆ, ತಾಯಿ, ಒಬ್ಬ ಅಕ್ಕ ಇದ್ದಾರೆ. ಅಂತ್ಯಕ್ರಿಯೆ ಇಂದು ಮಧ್ಯಾಹ್ನ ಮೂರಕ್ಕೆ.

ಈಗ ಹನ್ನೆರಡಕ್ಕೆ ಹತ್ತು ನಿಮಿಷ ಕಡಿಮೆ. ಹೋಗಬೇಕಾದವರಿಗೆ ಇನ್ನೂ ಹೊತ್ತಿದೆ.

ಇಷ್ಟು ಹೊತ್ತು ಕೇಳಿದ ನಿಮಗೆಲ್ಲ ಋಣಿಯಾಗಿದ್ದೇನೆ. ನಮಸ್ಕಾರ.